ಹಾರ್ಡ್ ಡಿಸ್ಕಿನ ಪಾಲು ಪಾರೀಖತ್ತು

ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ನೆಯ ಇಸವಿಯ ಅಕ್ಟೋಬರ್ 14ರಂದು ನಿಂತುಹೋದುದನ್ನು ವಾಚಕರು ಬಲ್ಲರು. ಹಳೆಯ ಗಣಕಯಂತ್ರಗಳಲ್ಲಿ ಅನೇಕವು ವಿಂಡೋಸ್ 11 ಬೇಡುವ ಅರ್ಹತೆಗಳನ್ನು ಪಡೆದಿಲ್ಲವಾದುದರಿಂದ, ಅವುಗಳಲ್ಲಿ ಲಿನಕ್ಸನ್ನು ನೆಲೆಗೊಳಿಸಿ ಇನ್ನೂ ಕೆಲವು ಕಾಲ ದುಡಿಸಿಕೊಳ್ಳುವುದು ಮಿತವ್ಯಯದ ಹಾದಿಯೇ ಸರಿ. ಆದರೆ ಸಿದ್ದರಬೆಟ್ಟದ ಸುತ್ತಣ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ತಾಲ್ಲೂಕುಗಳಂತಹ ಸೀಮೆಯಲ್ಲಿ ಒಂದು ಯಂತ್ರಕ್ಕೆ ಇರುವುದು ಸಾಮಾನ್ಯವಾಗಿ ಒಂದೇ ಡಿಸ್ಕು. ಶಾಲೆಯ ಲೆಕ್ಕಪತ್ರವಾಗಲಿ, ಮದುವೆಯ ಛಾಯಾಚಿತ್ರಗಳಾಗಲಿ, ಅಂಗಡಿಯ ಸಾಲದ ಪಟ್ಟಿಯಾಗಲಿ ಎಲ್ಲವೂ ಅದರಲ್ಲಿಯೇ. ಲಿನಕ್ಸಿಗೆ ಅದರಲ್ಲಿ ಜಾಗ ಬಿಡಿಸಿಕೊಡುವಾಗ ತೊಡಕು ತಲೆದೋರಿತೆಂದರೆ, ಪೇಟೆಯ ರಿಪೇರಿಯವರು ಹೇಳುವ ಮದ್ದು ಒಂದೇ: “ಪೂರ್ತಿ ಫಾರ್ಮ್ಯಾಟ್ ಹೊಡೆದುಬಿಡೋಣ.” ನನ್ನ ಆಕ್ಷೇಪಣೆಯಿರುವುದು ಈ ಮದ್ದಿಗೆ. ತೊಡಕು ಬಹುಮಟ್ಟಿಗೆ ದಾಖಲೆಯದು. ಕೊಚ್ಚಿಹೋಗುವುದು ಮಾತ್ರ ಬೆಳೆ.

ನಮ್ಮ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಒಂದು ಸರ್ವೆ ನಂಬರಿನ ಹೊಲವನ್ನು ಅಣ್ಣತಮ್ಮಂದಿರು ಹಂಚಿಕೊಂಡರೆ ಪಾರೀಖತ್ತು ಬರೆಸಿ, ಪೋಡಿ ಮಾಡಿಸಿ, ಹಿಸ್ಸೆಗೊಂದು ಚಕ್ಕುಬಂದಿ ಗೊತ್ತುಮಾಡಿಸುತ್ತಾರೆ. ಹೊಲದ ಮಣ್ಣೇ ಬೇರೆ, ಪಹಣಿಯ ಹಾಳೆಯೇ ಬೇರೆ. ಹಾರ್ಡ್ ಡಿಸ್ಕಿನಲ್ಲಿಯೂ ಇಂತಹುದೇ ಒಂದು ಪಹಣಿಯುಂಟು. ಹಳೆಯ ಪದ್ಧತಿಯಾದ ಎಂಬಿಆರ್‌ನಲ್ಲಿ ಅದು ಡಿಸ್ಕಿನ ಮೊಟ್ಟಮೊದಲ 512 ಬೈಟುಗಳ ಖಂಡದೊಳಗೆ ಅಡಗಿದೆ. ಅದರಲ್ಲಿಯೂ ಪಾಲುಗಳ ಪಟ್ಟಿಗೆ ಮೀಸಲಾದುದು ಕೇವಲ 64 ಬೈಟು. ಪ್ರತಿ ಪಾಲಿಗೆ 16 ಬೈಟಿನಂತೆ ನಾಲ್ಕೇ ಪಾಲುಗಳಿಗೆ ಅಲ್ಲಿ ಎಡೆ. 1983ರಲ್ಲಿ ಐಬಿಎಂ ಸಂಸ್ಥೆಯ ಎಕ್ಸ್‌ಟಿ ಯಂತ್ರವು 10 ಮೆಗಾಬೈಟಿನ ಡಿಸ್ಕಿನೊಡನೆ ಬಂದಾಗ ಇಷ್ಟು ಧಾರಾಳವಾಗಿಯೇ ಕಂಡಿರಬೇಕು.

ಈ ನಾಲ್ಕರ ಮಿತಿಯೇ ಹಳೆಯ ಲ್ಯಾಪ್‌ಟಾಪುಗಳಲ್ಲಿ ಮೊದಲನೆಯ ಎಡವುಗಲ್ಲು. ವಿಂಡೋಸ್ 7ರ ಕಾಲದ ಎಷ್ಟೋ ಯಂತ್ರಗಳಲ್ಲಿ ಪ್ರಾರಂಭಕ್ಕೊಂದು ಸಣ್ಣ ಪಾಲು, ‘ಸಿ’ ಒಂದು, ‘ಡಿ’ ಒಂದು, ತಯಾರಕರ ಪುನಃಸ್ಥಾಪನೆಯ ಪಾಲೊಂದು, ಹೀಗೆ ನಾಲ್ಕೂ ಮೊದಲೇ ತುಂಬಿರುತ್ತವೆ. ಮಾಲೀಕನು ‘ಡಿ’ಯನ್ನು ಕುಗ್ಗಿಸಿ 50 ಗಿಗಾಬೈಟು ತೆರವು ಮಾಡಿದರೂ ಲಿನಕ್ಸಿನ ಸ್ಥಾಪಕ ತಂತ್ರಾಂಶವು ಆ ಜಾಗ ಬಳಕೆಗೆ ಬಾರದೆನ್ನುತ್ತದೆ. ಹೊಲ ಬೀಳುಬಿದ್ದಿದೆ, ಪಹಣಿಯಲ್ಲಿ ಸಾಲು ಉಳಿದಿಲ್ಲ. ಆಗ ಮಾಡಬೇಕಾದುದಿಷ್ಟು: ‘ಡಿ’ಯಲ್ಲಿರುವುದನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡು, ಆ ಪಾಲನ್ನು ಅಳಿಸಿ, ಅದೇ ಎಡೆಯಲ್ಲಿ ‘ಎಕ್ಸ್‌ಟೆಂಡೆಡ್’ ಎಂಬ ಹಿರಿಯ ಪಾಲನ್ನು ಕಟ್ಟಿ, ಅದರೊಳಗೆ ಬೇಕಾದಷ್ಟು ಒಳಪಾಲುಗಳನ್ನು ಮಾಡಿಕೊಳ್ಳುವುದು. ಒಳಪಾಲಿನಲ್ಲಿ ನೆಲಸುವುದಕ್ಕೆ ಲಿನಕ್ಸಿನ ತಕರಾರಿಲ್ಲ. ಐದನೆಯ ಪಾಲನ್ನು ಕೇಳಿದಾಗ ವಿಂಡೋಸು ಡಿಸ್ಕನ್ನು ‘ಡೈನಾಮಿಕ್’ ಆಗಿ ಪರಿವರ್ತಿಸಲೇ ಎಂದು ಕೇಳುವುದುಂಟು. ಅದಕ್ಕೆ ಒಪ್ಪತಕ್ಕದ್ದಲ್ಲ. ಒಪ್ಪಿದರೆ ಸಾಮಾನ್ಯ ಲಿನಕ್ಸ್ ಸ್ಥಾಪಕಗಳಿಗೆ ಆ ಡಿಸ್ಕು ದಕ್ಕದು.

ಈಚಿನ ಜಿಪಿಟಿ ಪದ್ಧತಿಯು ಎಷ್ಟೋ ಮೇಲು. ಸಾಮಾನ್ಯವಾಗಿ 128 ಪಾಲುಗಳಿಗೆ ಅದರಲ್ಲಿ ಸ್ಥಳವುಂಟು. ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿರುತ್ತದೆ. ಇಲ್ಲಿಯ ಕಷ್ಟ ಬೇರೆ ಬಗೆಯದು. ವಿಂಡೋಸನ್ನು ಯುಇಎಫ್‌ಐ ವಿಧಾನದಲ್ಲಿ ನಡೆಸುತ್ತಿದ್ದು, ಲಿನಕ್ಸಿನ ಪೆನ್‌ಡ್ರೈವನ್ನು ಹಳೆಯ ಬಯೋಸ್ ವಿಧಾನದಲ್ಲಿ ಎಬ್ಬಿಸಿದರೆ, ಒಂದೇ ಮನೆಗೆ ಎರಡು ಹೆಬ್ಬಾಗಿಲು ಇಟ್ಟಂತಾಗಿ ಒಂದರಿಂದ ಹೊಕ್ಕವನಿಗೆ ಮತ್ತೊಂದು ಕಾಣುವುದಿಲ್ಲ. ಎರಡನ್ನೂ ಯುಇಎಫ್‌ಐಯಲ್ಲಿಯೇ ಎಬ್ಬಿಸಿ, ಇಎಫ್‌ಐ ಪಾಲೆಂಬ ಚಿಕ್ಕ ಪಾಲನ್ನು ಅಳಿಸದೆ ಇಬ್ಬರಿಗೂ ಸಮಾನವಾಗಿ ಬಳಸಬೇಕು.

ಡಿಸ್ಕೇ ಕಾಣಿಸದಿರುವ ಪ್ರಸಂಗವು ಜನರನ್ನು ಹೆಚ್ಚು ಗಾಬರಿಗೊಳಿಸುತ್ತದೆ. ಅನೇಕ ವೇಳೆ ಡಿಸ್ಕು ನೆಟ್ಟಗಿದ್ದು, ಯಂತ್ರದ ಮೂಲ ಹೊಂದಾಣಿಕೆಯಲ್ಲಿ ಶೇಖರಣೆಯು ‘ಎಎಚ್‌ಸಿಐ’ ಬದಲು ‘ರೇಡ್’ ಎಂದಿರುತ್ತದೆ. ಅದನ್ನು ಏಕಾಏಕಿ ಬದಲಿಸಿದರೆ ವಿಂಡೋಸು ಏಳದೆ ಹೋಗಬಹುದು. ಮೊದಲು ಅದನ್ನು ‘ಸೇಫ್ ಮೋಡ್’ನಲ್ಲಿ ಏಳುವಂತೆ ಗೊತ್ತುಮಾಡಿ ಅನಂತರ ಬದಲಿಸಬೇಕು. ಪಾಲನ್ನು ಕುಗ್ಗಿಸಲು ಸ್ಥಾಪಕವು ನಿರಾಕರಿಸಿದರೆ ವಿಂಡೋಸು ಪೂರ್ತಿ ಆರಿಲ್ಲವೆಂದು ತಿಳಿಯಬಹುದು. ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಟು ಅದನ್ನು ಅರೆನಿದ್ದೆಯಲ್ಲಿ ಇರಿಸುತ್ತದೆ. ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ಆರಿಸಿದರೆ ನಿಜವಾಗಿ ಆರುತ್ತದೆ. ಬಿಟ್‌ಲಾಕರ್‌ನ ಬೀಗವಿದ್ದಲ್ಲಿ ಅದರ ಮರುಪಡೆಯುವ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳದೆ ಯಾವುದನ್ನೂ ಮುಟ್ಟತಕ್ಕದ್ದಲ್ಲ.

ಕೇರಳದ ಉದಾಹರಣೆಯನ್ನು ಇಲ್ಲಿ ತಂದು ಆಕ್ಷೇಪಿಸುವವರುಂಟು. ಅಲ್ಲಿ 2001ರಲ್ಲಿ ಮೊದಲಾದ ‘ಐಟಿ ಅಟ್ ಸ್ಕೂಲ್’ ಯೋಜನೆಯು 2017ರಲ್ಲಿ ‘ಕೈಟ್’ ಸಂಸ್ಥೆಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸಿನಲ್ಲಿಯೇ ಗಣಕಪಾಠ ಕಲಿಯುತ್ತಾರೆ. ಇಡೀ ಡಿಸ್ಕನ್ನು ಒಂದೇ ವ್ಯವಸ್ಥೆಗೆ ಕೊಟ್ಟರೆ ಪಾಲಿನ ಜಗಳವೇ ಇಲ್ಲವಲ್ಲ ಎಂಬುದು ಅವರ ವಾದ. ಹೊಸ ಯಂತ್ರಕ್ಕೆ ಅದು ಸಲ್ಲುತ್ತದೆ. ಹತ್ತು ವರ್ಷಗಳ ಬರಹ ಚಿತ್ರಗಳನ್ನು ಹೊತ್ತಿರುವ ಯಂತ್ರಕ್ಕೆ ನಕಲು ತೆಗೆಯದೆ ಅದನ್ನು ಅನ್ವಯಿಸುವುದು ಅನ್ಯಾಯ.

ಅಳಿಸಿದರೂ ಮರಳಿ ಪಡೆಯಬಹುದೆಂಬ ಧೈರ್ಯ ಕೆಲವರಿಗೆ. ಹಳೆಯ, ತಿರುಗುವ ತಟ್ಟೆಯ ಡಿಸ್ಕಿನಲ್ಲಿ ಪಟ್ಟಿಯಷ್ಟೇ ಅಳಿದಿದ್ದರೆ ‘ಟೆಸ್ಟ್‌ಡಿಸ್ಕ್’ ಎಂಬ ಉಚಿತ ತಂತ್ರಾಂಶವು ಪಾಲುಗಳ ಗಡಿಯನ್ನು ಹುಡುಕಿ ಪಟ್ಟಿಯನ್ನು ಮತ್ತೆ ಬರೆಯಬಲ್ಲುದು. ಆದರೆ ಹಳೆಯ ಯಂತ್ರಗಳಿಗೆ ಈಗ ವೇಗಕ್ಕಾಗಿ ಎಸ್‌ಎಸ್‌ಡಿ ಹಾಕಿಸುವ ರೂಢಿ. ಅದನ್ನು ಫಾರ್ಮ್ಯಾಟ್ ಮಾಡಿದೊಡನೆ, ಈ ಎಡೆಗಳು ಇನ್ನು ಬೇಡವೆಂಬ ಆಜ್ಞೆಯು ಸಾಮಾನ್ಯವಾಗಿ ಡಿಸ್ಕಿಗೇ ಹೋಗುತ್ತದೆ. ಅದು ಒಳಗಿಂದೊಳಗೆ ಆ ಕೋಶಗಳನ್ನು ಬರಿದು ಮಾಡಿಕೊಳ್ಳುತ್ತದೆ. ಆಮೇಲೆ ಯಾವ ತಂತ್ರಾಂಶಕ್ಕೂ ಹುಡುಕಲು ಏನೂ ಸಿಕ್ಕುವುದಿಲ್ಲ. ಆದುದರಿಂದ ಯಂತ್ರವನ್ನು ಅಂಗಡಿಯ ಮೇಜಿನ ಮೇಲಿಡುವಾಗಲೇ ಗಿರಾಕಿಯು ಒಂದು ಹಾಳೆಯನ್ನು ಕೇಳಿ ಪಡೆಯಬೇಕೆಂಬುದು ನನ್ನ ಸೂಚನೆ: ಪಟ್ಟಿಯು ಎಂಬಿಆರೋ ಜಿಪಿಟಿಯೋ, ಪಾಲುಗಳು ಎಷ್ಟು, ಒಂದೊಂದರ ಅಳತೆ ಏನು, ಒಳಗಿರುವುದೇನು, ನಕಲು ಎಲ್ಲಿದೆ. ‘ಜಿಪಾರ್ಟೆಡ್’ ತೆರೆದು ನೋಡಿದರೆ ಪಾಲುಗಳ ಲೆಕ್ಕವೆಲ್ಲ ತೆರೆಯ ಮೇಲೆಯೇ ಇರುತ್ತದೆ. ಬರೆದುಕೊಳ್ಳಲು ಹತ್ತು ನಿಮಿಷವೂ ಬೇಡ.