ಕಿರ್ದಿ ಯಾರ ಕೈಯಲ್ಲಿರಬೇಕು?

ಷೇರು ಪೇಟೆಯ ನಿಯಂತ್ರಣ ಸಂಸ್ಥೆ ‘ಸೆಬಿ’ 2025ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2024–25ರಲ್ಲಿ ಷೇರುಗಳ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ನಡೆಸಿದ ವ್ಯಕ್ತಿಗಳಲ್ಲಿ ಶೇ 91ರಷ್ಟು ಮಂದಿ ನಷ್ಟ ಅನುಭವಿಸಿದರು. ಅವರ ಒಟ್ಟು ನಿವ್ವಳ ನಷ್ಟ 1.05 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತ್ತು. ಆದರೆ ‘ನಾನೇಕೆ ಕಳೆದುಕೊಂಡೆ’ ಎಂಬ ಪ್ರಶ್ನೆಗೆ ಯಾವ ವರದಿಯೂ ಉತ್ತರಿಸದು. ಅದಕ್ಕೆ ಅವರವರ ಲೆಕ್ಕದ ಪುಸ್ತಕವನ್ನೇ ತೆರೆಯಬೇಕು.

ಆ ಪುಸ್ತಕ ಈಗ ಎಲ್ಲಿದೆ? ಮಂಡಿ ವರ್ತಕನ ಕಿರ್ದಿ ಅವನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇರುತ್ತಿತ್ತು. ಇಂದಿನ ಹೂಡಿಕೆದಾರನ ‘ಟ್ರೇಡಿಂಗ್ ಜರ್ನಲ್’ ಯಾವುದೋ ಕಂಪನಿಯ ಸರ್ವರ್‌ನಲ್ಲಿರುತ್ತದೆ. ಏನು ಕೊಂಡೆವು, ಎಷ್ಟಕ್ಕೆ ಮಾರಿದೆವು ಎಂಬುದನ್ನು ಬ್ರೋಕರ್ ಕಳುಹಿಸುವ ಕಾಂಟ್ರಾಕ್ಟ್ ನೋಟ್ ಹೇಳುತ್ತದೆ. ಏಕೆ ಕೊಂಡೆವು, ಯಾವ ಆತುರದಲ್ಲಿ ಮಾರಿದೆವು ಎಂಬುದು ಜರ್ನಲ್‌ನಲ್ಲಿ ಮಾತ್ರ ದಾಖಲಾಗಿರುತ್ತದೆ. ಚಂದಾ ಮುಗಿದರೆ ಅಥವಾ ಕಂಪನಿ ಬಾಗಿಲು ಮುಚ್ಚಿದರೆ ಈ ದಾಖಲೆ ಮತ್ತೆ ದೊರೆಯುವ ಭರವಸೆಯಿಲ್ಲ.

ಕಾನೂನಿನ ಆಸರೆಯೂ ಇಲ್ಲಿ ದುರ್ಬಲ. ತನ್ನ ದತ್ತಾಂಶವನ್ನು ಬಳಸಬಹುದಾದ ರೂಪದಲ್ಲಿ ಪಡೆದು ಬೇರೆಡೆಗೆ ಒಯ್ಯುವ ಹಕ್ಕನ್ನು ಐರೋಪ್ಯ ಒಕ್ಕೂಟ 2018ರಿಂದ ಜಾರಿಯಲ್ಲಿಟ್ಟಿದೆ. ನಮ್ಮ 2019ರ ಮಸೂದೆಯಲ್ಲೂ ಅಂಥ ಹಕ್ಕಿನ ಪ್ರಸ್ತಾಪವಿತ್ತು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅದು ಉಳಿಯಲಿಲ್ಲ. ಹೀಗಾಗಿ ‘ಎಕ್ಸ್‌ಪೋರ್ಟ್’ ಗುಂಡಿಯು ಕಂಪನಿಯ ಔದಾರ್ಯವಾಗಿಯೇ ಉಳಿದಿದೆ.

ಸಕಾಲದಲ್ಲಿ ರಿಟರ್ನ್ಸ್ ಸಲ್ಲಿಸಿದವರು ಫ್ಯೂಚರ್ಸ್ ಮತ್ತು ಆಪ್ಷನ್ಸ್ ನಷ್ಟವನ್ನು ಎಂಟು ವರ್ಷಗಳವರೆಗೆ ಮುಂದಕ್ಕೆ ಒಯ್ಯಬಹುದು. ಅಷ್ಟು ವರ್ಷ ಆ್ಯಪ್ ಒಂದು ಬದುಕಿರುತ್ತದೆಂದು ನಂಬಿ ಕೂರುವುದು ವಿವೇಕವಲ್ಲ. ಪ್ರತಿ ತಿಂಗಳೂ ವಿವರಗಳನ್ನು ಸ್ಪ್ರೆಡ್‌ಶೀಟ್‌ಗೆ ಇಳಿಸಿಕೊಂಡು ಎರಡು ಬೇರೆ ಬೇರೆ ಕಡೆ ಇಡುವುದು ಕ್ಷೇಮ. ಯಾವ ತಂತ್ರಾಂಶದಲ್ಲೂ ತೆರೆದುಕೊಳ್ಳುವ ಸಿಎಸ್‌ವಿ ಕಡತದ ಒಂದು ಮೂಲ ಪ್ರತಿಯನ್ನು ತಿದ್ದದೆ ಉಳಿಸಿಕೊಳ್ಳಬೇಕು.

ಇಳಿಸಿಕೊಂಡ ಮಾತ್ರಕ್ಕೆ ಕೆಲಸ ಮುಗಿಯಿತೆಂದಲ್ಲ. 03-04-2025 ನಮಗೆ ಏಪ್ರಿಲ್ ಮೂರು; ಅಮೆರಿಕದ ಕ್ರಮಕ್ಕೆ ಹೊಂದಿಸಿದ ಕಂಪ್ಯೂಟರ್‌ಗೆ ಮಾರ್ಚ್ ನಾಲ್ಕು. ಅಲ್ಲಿಗೆ ಹಣಕಾಸು ವರ್ಷವೇ ಬದಲಾದಂತೆ! ಹಳೆಯ ಎಕ್ಸೆಲ್ ಮಾದರಿಯ ಹಾಳೆಯಲ್ಲಿ 65,536 ಸಾಲುಗಳಷ್ಟೇ ಹಿಡಿಸುತ್ತವೆ. ಈ ಮಿತಿಯಿಂದಾಗಿ 2020ರಲ್ಲಿ ಇಂಗ್ಲೆಂಡ್‌ನ ಆರೋಗ್ಯ ಇಲಾಖೆಯ ಲೆಕ್ಕದಿಂದ ಸುಮಾರು 16,000 ಕೋವಿಡ್ ಪ್ರಕರಣಗಳು ಕೆಲಕಾಲ ಬಿಟ್ಟುಹೋಗಿದ್ದವು. ಆದ್ದರಿಂದ ಸಾಲುಗಳ ಸಂಖ್ಯೆಯನ್ನೂ ಮೊತ್ತವನ್ನೂ ಬ್ರೋಕರ್ ನೀಡಿದ ಲೆಕ್ಕದೊಡನೆ ತಾಳೆ ನೋಡಲೇಬೇಕು.

ಹೂಡಿಕೆದಾರರ ಜಾಗೃತಿಯ ಬಗ್ಗೆ ಸರ್ಕಾರವೂ ನಿಯಂತ್ರಕರೂ ಧಾರಾಳವಾಗಿ ಉಪದೇಶಿಸುತ್ತಾರೆ. ತಪ್ಪಿನಿಂದ ಪಾಠ ಕಲಿಯಲು ತಪ್ಪಿನ ದಾಖಲೆ ಕೈಯಲ್ಲಿರಬೇಕಷ್ಟೆ. ಅದನ್ನು ಒಯ್ಯುವ ಹಕ್ಕನ್ನು ಕಾಯ್ದೆಗೆ ಮರಳಿ ಸೇರಿಸುವುದು ಆ ಉಪದೇಶಕ್ಕಿಂತ ಹೆಚ್ಚು ಉಪಯುಕ್ತ. ಅಲ್ಲಿಯವರೆಗೆ ತನ್ನ ಕಿರ್ದಿಯನ್ನು ಕಾಯುವ ಹೊಣೆ ಹೂಡಿಕೆದಾರನದೇ.