ಮೇ ತಿಂಗಳ ಹೋತ

ಈ ಸಲ ಬಿಯರಿನ ಬಗ್ಗೆ ಬರೆಯುತ್ತೇನೆಂದಾಗ ನಮ್ಮ ಮನೆಯವರು, "ಸಂಘದ ಪತ್ರಿಕೆಯಲ್ಲೇ?" ಎಂದು ಹುಬ್ಬೇರಿಸಿದರು. ಏಕಾಗಬಾರದು? ಠಾಣೆಯಿಂದ ಕಲ್ಯಾಣದವರೆಗೆ ಪರ್ಮಿಟ್ ರೂಮುಗಳ ಗಲ್ಲಾದಲ್ಲಿ ಕೂತ ನಮ್ಮ ಕರಾವಳಿಯವರು ಎಷ್ಟು ಮಂದಿ! ಆ ದುಡಿಮೆಯಿಂದ ಓದಿ ಮುಂದೆ ಬಂದ ಮಕ್ಕಳಿದ್ದಾರೆ. ವಾರ್ಷಿಕೋತ್ಸವಕ್ಕೆ ಅವರ ದೇಣಿಗೆ ಪಡೆಯುವಾಗ ನಾವ್ಯಾರೂ ಮೂಗು ಮುಚ್ಚಿಕೊಂಡದ್ದಿಲ್ಲ. ಕುಡಿಯುವವರಿಗೂ ಪರವಾನಗಿ ಬೇಕೆಂಬ 1949ರ ಮುಂಬಯಿ ಪಾನನಿರೋಧ ಕಾಯದೆಯಿಂದಲೇ ಈ 'ಪರ್ಮಿಟ್' ಎಂಬ ಹೆಸರು.

ಮಗಳ ಬಾಣಂತನಕ್ಕೆಂದು ಜರ್ಮನಿಯ ಮ್ಯೂನಿಕ್ಕಿಗೆ ಹೋಗಿದ್ದೆ. ಅಲ್ಲಿ ವಸಂತ ಬಂತೆಂದರೆ 'ಮೈಬಾಕ್' ಎಂಬ ಬಿಯರ್. 'ಮೈ' ಎಂದರೆ ಮೇ ತಿಂಗಳು. 'ಬಾಕ್' ಎಂದರೆ ಹೋತ! ಉತ್ತರದ ಐನ್‌ಬೆಕ್ ಊರಿನ ಗಟ್ಟಿ ಬಿಯರಿಗೆ ಹೆಸರಿತ್ತು. ಮ್ಯೂನಿಕ್ಕಿನವರ ಬಾಯಲ್ಲಿ ಊರಿನ ಹೆಸರು ತಿರುಚಿ 'ಐನ್ ಬಾಕ್', ಅಂದರೆ 'ಒಂದು ಹೋತ', ಆಯಿತಂತೆ. ಶೀಸೆಗಳ ಮೇಲೆ ಕೊಂಬಿನ ಚಿತ್ರ ಬೇರೆ.

"ಅತ್ತೆ, ಒಂದು ಗುಟುಕು ರುಚಿ ನೋಡಿ," ಎಂದರು ಅಳಿಯಂದಿರು. ತಿಳಿ ಜೇನಿನ ಬಣ್ಣ, ಮೇಲೆ ಬಿಳಿ ನೊರೆ. ಮೂಗಿಗೆ ಬಂದದ್ದು ಆಗತಾನೆ ಸುಟ್ಟ ಬ್ರೆಡ್ಡಿನ ವಾಸನೆ. ನಾಲಗೆಗೆ ಮೊದಲು ಸಿಹಿ, ಗಂಟಲಲ್ಲಿ ಮೆಂತ್ಯದಂಥ ಸಣ್ಣ ಕಹಿ, ಆಮೇಲೆ ಎದೆಯಲ್ಲಿ ಬಿಸುಪು. ಆ ಸಿಹಿ ಎಲ್ಲಿಂದ? ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ. ಮೊಮ್ಮಗುವಿಗೆ ಮುಂದೆ ಬೇಕಾದೀತೆಂದು ನಾನು ಊರಿಂದ ಒಯ್ದಿದ್ದ ರಾಗಿ ಹಿಟ್ಟೂ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಬೀಸಿದ್ದೇ ಅಲ್ಲವೇ! ಕಹಿ ಮಾತ್ರ ಹಾಪ್ಸ್ ಎಂಬ ಬಳ್ಳಿಯ ಹೂವಿನದು. 'ಲಾಗರ್' ಎಂದರೆ ಉಗ್ರಾಣ. ತಣ್ಣನೆಯ ನೆಲಮಾಳಿಗೆಯಲ್ಲಿ ವಾರಗಟ್ಟಲೆ ಇಟ್ಟು ಮಾಗಿಸುವುದರಿಂದ ಆ ಹೆಸರು.

ಇದರಲ್ಲಿ ಮದ್ಯಸಾರ ಶೇಕಡಾ 7ರ ಆಸುಪಾಸು. ನಮ್ಮ ಡೊಂಬಿವಲಿಯ ಬೋರ್ಡುಗಳಲ್ಲಿ ಕಾಣುವ 'ಸ್ಟ್ರಾಂಗ್' ಬಿಯರಿನದೂ ಹೆಚ್ಚುಕಡಿಮೆ ಅಷ್ಟೇ. ಆದರೆ ನಮ್ಮಲ್ಲಿ ಅಕ್ಕಿ, ಸಕ್ಕರೆ ಸೇರಿಸುವುದೂ ಉಂಟು. ಬಾಕ್‌ನಲ್ಲಿ ಬಲವೆಲ್ಲ ಧಾನ್ಯದ್ದೇ. ಇನ್ನೊಂದು ವ್ಯತ್ಯಾಸ ಕುಡಿಯುವವರಲ್ಲಿ. ಸಂಜೆ ಲೋಕಲ್ ಇಳಿದು ನಿಂತಲ್ಲೇ ಶೀಸೆ ಬರಿದು ಮಾಡಿ ಹೋಗುವ ಗಂಡಸರಿಗೆ ಬೇಕಾದದ್ದು ಬೇಗ ಏರುವುದು. ರುಚಿ ಹೇಗಿತ್ತೆಂದು ಕೇಳಿ ನೋಡಿ, ಹೇಳಲಾರರು. ಮನೆಯಲ್ಲಿ ಬಾಗಿಲು ತೆರೆಯುವವಳು ಮಾತ್ರ ಎಷ್ಟು ಏರಿದೆಯೆಂದು ಚಪ್ಪಲಿಯ ಸದ್ದಿನಲ್ಲೇ ಹೇಳಿಯಾಳು.

ಅರ್ಧ ಲೀಟರಿನ ಲೋಟದಲ್ಲಿ ನನ್ನ ಪಾಲು ಮೂರು ಗುಟುಕು. ಉಳಿದದ್ದನ್ನು ಅಳಿಯಂದಿರು, ಉಪ್ಪು ಹರಳು ಮೆತ್ತಿದ ಬ್ರೆಡ್ಡು ಮುರಿದು ತಿನ್ನುತ್ತ, ಒಂದು ಗಂಟೆ ಕೂತು ಮುಗಿಸಿದರು.