ವೇಗಕ್ಕೆ ಸಾಕ್ಷಿ ಯಾರು?

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ವಿದ್ಯುನ್ಮಾನ ಯಂತ್ರಗಳ ವಿಷಯವನ್ನೆತ್ತಿಕೊಂಡರೆ ವಿಜ್ಞಾನದ ಮಿತ್ರರು ನಕ್ಕಾರು. ನಗಲಿ. ಚರಿತ್ರೆಯನ್ನೂ ಅರ್ಥಶಾಸ್ತ್ರವನ್ನೂ ಓದುತ್ತಿರುವ ನಾನು ಈ ವಿಷಯಕ್ಕೆ ಬಂದದ್ದು ಪುಸ್ತಕದಿಂದಲ್ಲ, ರಸ್ತೆಯಿಂದ.

ನಮ್ಮ ಊರು ಗುಬ್ಬಿಗೆ ಸಮೀಪದಲ್ಲಿ, ತುಮಕೂರಿನಿಂದ ತಿಪಟೂರಿನ ಕಡೆಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿದೆ. ಮನೆಗಳು ರಸ್ತೆಯ ಈಚೆಗೆ. ತೋಟ, ಹುಲ್ಲು, ಕೆರೆ ಎಲ್ಲವೂ ಆಚೆಗೆ. ದಿನಕ್ಕೆ ನಾಲ್ಕು ಸಲವಾದರೂ ರಸ್ತೆ ದಾಟದೆ ಊರಿನ ಬದುಕು ನಡೆಯುವಂತಿಲ್ಲ. ಮೂರು ವರ್ಷಗಳ ಹಿಂದೆ ನಮ್ಮ ದೊಡ್ಡಪ್ಪ ಹುಲ್ಲಿನ ಹೊರೆ ಹೊತ್ತು ದಾಟುತ್ತಿದ್ದಾಗ ಕಾರೊಂದು ಬಡಿದು ಅವರ ಕಾಲು ಮುರಿಯಿತು. ಕಾರಿನವರು, "ನಲವತ್ತರಲ್ಲೇ ಬರುತ್ತಿದ್ದೆ, ಯಜಮಾನರೇ ಅಡ್ಡ ಬಂದರು" ಎಂದರು. ಟೀ ಅಂಗಡಿಯ ಮುಂದಿದ್ದವರು, "ಬಾಣ ಬಂದ ಹಾಗೆ ಬಂತು ಸ್ವಾಮಿ" ಎಂದರು. ನಲವತ್ತು ಎಂಬುದು ಅಂಕಿ; ಅದನ್ನು ಬರೆದುಕೊಂಡರು. ಬಾಣವನ್ನು ಯಾವ ಕಾಗದದಲ್ಲಿ ಬರೆಯುವುದು? ಆಸ್ಪತ್ರೆಯಲ್ಲಿ ದೊಡ್ಡಪ್ಪನನ್ನು ಕೇಳಿದಾಗ, "ನಾನು ತಿರುಗಿ ನೋಡೋ ಹೊತ್ತಿಗೆ ಅದು ನನ್ನ ಮೇಲೇ ಇತ್ತು, ಎಷ್ಟರಲ್ಲಿತ್ತು ಅಂತ ಏನು ಹೇಳಲಿ" ಎಂದರು.

ಅಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಮಾತು ನಿಂತಿದೆ. ಅಳತೆಯಿಲ್ಲದ ಕಡೆಯಲ್ಲಿ ಗಟ್ಟಿಯಾಗಿ ಮಾತನಾಡಬಲ್ಲವನ ಮಾತೇ ಅಳತೆಯಾಗುತ್ತದೆ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ನಮ್ಮ ಹಿರಿಯರು ಹೇಳುತ್ತಾರೆ. ಹೆದ್ದಾರಿಯ ಪಕ್ಕದ ಹಳ್ಳಿಗಳು ದಿನವೂ ಪ್ರತ್ಯಕ್ಷ ಕಾಣುತ್ತಿವೆ. ಪ್ರಮಾಣಿಸಿ ನೋಡುವ ಸಾಧನ ಮಾತ್ರ ಅವುಗಳ ಕೈಯಲ್ಲಿಲ್ಲ. ಇಂದು ಆ ಸಾಧನ ದುಬಾರಿಯಾದದ್ದೇನೂ ಅಲ್ಲವಾದುದರಿಂದ, ಅದು ಊರಿನವರ ಕೈಗೆ ಬರಬೇಕೆಂಬುದೇ ಈ ಲೇಖನದ ಅಭಿಪ್ರಾಯ.

ಇದು ಗುಬ್ಬಿಯೊಂದರ ಕಷ್ಟವಲ್ಲ. ನಮ್ಮ ಜಿಲ್ಲೆಯ ದಕ್ಷಿಣ ಭಾಗದಲ್ಲಿ ಬೆಂಗಳೂರು–ಹಾಸನ ಹೆದ್ದಾರಿಯು ಕುಣಿಗಲ್ ಮಾರ್ಗವಾಗಿ ಹಾದುಹೋಗುತ್ತದೆ. ೨೦೨೦ರ ಮಾರ್ಚ್ ೬ರಂದು ಕುಣಿಗಲ್ ತಾಲ್ಲೂಕಿನಲ್ಲಿ ಕಾರೊಂದು ರಸ್ತೆಯ ನಡುವಿನ ವಿಭಜಕವನ್ನು ಹಾರಿ, ಧರ್ಮಸ್ಥಳದಿಂದ ಹಿಂದಿರುಗುತ್ತಿದ್ದ ಯಾತ್ರಿಕರ ವಾಹನಕ್ಕೆ ಬಡಿದು ೧೩ ಮಂದಿ ಪ್ರಾಣ ಬಿಟ್ಟರು. ಉತ್ತರದಲ್ಲಿ ಶಿರಾ ತಾಲ್ಲೂಕಿನ ಹೆದ್ದಾರಿಯಲ್ಲಿ ೨೦೨೨ರ ಆಗಸ್ಟ್ ೨೫ರಂದು, ಕೆಲಸ ಹುಡುಕಿಕೊಂಡು ರಾಯಚೂರಿನ ಕಡೆಯಿಂದ ಬೆಂಗಳೂರಿಗೆ ಹೊರಟಿದ್ದ ಕೂಲಿಕಾರರಲ್ಲಿ ೯ ಮಂದಿ ಸತ್ತರು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ ೨೦೨೨ರಲ್ಲಿ ದೇಶದ ರಸ್ತೆಗಳಲ್ಲಿ ೧,೬೮,೪೯೧ ಜನ ಮೃತರಾದರು. ಅವರಲ್ಲಿ ಶೇಕಡಾ ೭೧ಕ್ಕೂ ಹೆಚ್ಚು ಮಂದಿಯ ಸಾವಿಗೆ ಅತಿವೇಗವೇ ಕಾರಣವೆಂದು ನಮೂದಾಗಿದೆ. ಈ ನಮೂದು ಠಾಣೆಗಳ ದಾಖಲೆಯಿಂದ ಬಂದದ್ದು. ಬಹುಪಾಲು ಕಡೆಗಳಲ್ಲಿ ವೇಗವನ್ನು ಯಾರೂ ಅಳೆದಿರುವುದಿಲ್ಲ. ಸತ್ತವರ ಎಣಿಕೆ ಒಂದೊಂದಾಗಿ ಸಿಕ್ಕುತ್ತದೆ, ಕೊಂದ ವೇಗದ ಎಣಿಕೆ ಸಿಕ್ಕುವುದಿಲ್ಲ.

ಸ್ವಲ್ಪ ಹೆಚ್ಚು ವೇಗದಿಂದ ಏನಾದೀತು ಎಂದು ಕೇಳುವವರಿದ್ದಾರೆ. ಘಂಟೆಗೆ ೬೦ ಕಿಲೋಮೀಟರು ಎಂದರೆ ಸೆಕೆಂಡಿಗೆ ಸುಮಾರು ೧೭ ಮೀಟರು. ಕಣ್ಣು ಕಂಡು ಕಾಲು ಬ್ರೇಕನ್ನು ಮುಟ್ಟುವುದಕ್ಕೆ ಒಂದು ಸೆಕೆಂಡು ಹಿಡಿದರೂ, ಒಣಗಿದ ಒಳ್ಳೆಯ ರಸ್ತೆಯಲ್ಲಿ ಕಾರು ನಿಲ್ಲುವುದಕ್ಕೆ ಸುಮಾರು ೩೭ ಮೀಟರು ಬೇಕು. ವೇಗ ೮೦ ಆದರೆ ೫೮ ಮೀಟರು ಬೇಕು. ವೇಗ ಏರಿದ್ದು ಮೂರರಲ್ಲೊಂದು ಪಾಲು. ನಿಲ್ಲುವ ದೂರ ಏರಿದ್ದು ಅರ್ಧಕ್ಕಿಂತ ಹೆಚ್ಚು. ಆ ಹೆಚ್ಚಿನ ಇಪ್ಪತ್ತೊಂದು ಮೀಟರಿನಲ್ಲಿ ಹುಲ್ಲಿನ ಹೊರೆಯವರು ಇರುತ್ತಾರೆ, ಶಾಲೆಯ ಮಕ್ಕಳಿರುತ್ತಾರೆ.

ಅಳೆಯುವುದು ಹೇಗೆ? ಕಳೆದ ಬೇಸಗೆಯ ರಜೆಯಲ್ಲಿ ನಾನೂ ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿರುವ ನನ್ನ ಚಿಕ್ಕಪ್ಪನ ಮಗನೂ ಮೊದಲು ಕಾಸು ಖರ್ಚಿಲ್ಲದ ದಾರಿಯನ್ನು ನೋಡಿದೆವು. ರಸ್ತೆಯ ಅಂಚಿನಲ್ಲಿ ೫೦ ಮೀಟರು ಅಂತರದಲ್ಲಿ ಸುಣ್ಣದ ಎರಡು ಗೆರೆ ಎಳೆದು, ಮೊಬೈಲಿನ ಗಡಿಯಾರವನ್ನು ಹಿಡಿದು ಕುಳಿತೆವು. ಆ ದೂರವನ್ನು ೩ ಸೆಕೆಂಡಿನಲ್ಲಿ ದಾಟಿದರೆ ವೇಗ ೬೦. ೨ ಸೆಕೆಂಡಿನಲ್ಲಿ ದಾಟಿದರೆ ೯೦. ಆದರೆ ಬೆರಳು ಒತ್ತುವುದರಲ್ಲಿ ಸೆಕೆಂಡಿನ ಐದನೆಯ ಒಂದು ಪಾಲು ತಪ್ಪಿದರೂ ೯೦ ಎಂಬುದು ೮೨ ಆಗಬಹುದು, ೧೦೦ ಆಗಬಹುದು. ಕೈಯ ಅಳತೆ ನಂಬಿಕೆಗೆ ಸಾಲದೆಂದು ಅಂದೇ ತಿಳಿಯಿತು.

ಆದುದರಿಂದ ಬೆರಳಿನ ಕೆಲಸವನ್ನು ಬೆಳಕಿಗೆ ಒಪ್ಪಿಸಬೇಕು. ದಾರಿಗೆ ಅಡ್ಡಲಾಗಿ ಐದು ಮೀಟರು ಅಂತರದಲ್ಲಿ ಎರಡು ಬೆಳಕಿನ ಕಿರಣಗಳು. ಅವುಗಳ ಎದುರಿಗೆ ಬೆಳಕನ್ನು ಗುರುತಿಸುವ ಎರಡು ಸಂವೇದಕಗಳು. ವಾಹನ ಮೊದಲನೆಯ ಕಿರಣವನ್ನು ತಡೆದಾಗ ಎಣಿಕೆ ಆರಂಭ, ಎರಡನೆಯದನ್ನು ತಡೆದಾಗ ಮುಕ್ತಾಯ. ನಡುವಣ ಕಾಲ ಸೆಕೆಂಡಿನ ಹತ್ತರಲ್ಲಿ ಮೂರು ಪಾಲಾದರೆ ವೇಗ ೬೦. ಸೆಕೆಂಡಿನ ಸಾವಿರದೊಂದು ಪಾಲನ್ನು ಲೀಲಾಜಾಲವಾಗಿ ಎಣಿಸುವ, ಅಂಗೈಗಿಂತ ಚಿಕ್ಕದಾದ ಆರ್ಡುಯಿನೋ ಎಂಬ ಫಲಕವೇ ಈ ಲೆಕ್ಕವನ್ನು ಮಾಡಿಬಿಡುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಸಾಮಾನಿಗೆ ನಮಗೆ ಎರಡು ಸಾವಿರ ರೂಪಾಯಿ ಹಿಡಿಯಲಿಲ್ಲ. ಊರ ಕೆರೆಯ ಏರಿಯ ಮೇಲೆ, ಜನಸಂಚಾರವಿಲ್ಲದ ಹೊತ್ತಿನಲ್ಲಿ, ನಮ್ಮ ಮೋಟಾರು ಬೈಕನ್ನೇ ಓಡಿಸಿ ಪರೀಕ್ಷಿಸಿದೆವು.

ದೋಷಗಳೂ ಕಂಡವು. ಎರಡು ವಾಹನಗಳು ಜೊತೆಯಾಗಿ ಬಂದರೆ ಯಂತ್ರ ಯಾವುದನ್ನು ಎಣಿಸಿತೋ ತಿಳಿಯದು. ನಡು ಹಗಲಿನ ಬಿಸಿಲು ಸಂವೇದಕಕ್ಕೆ ಬಿದ್ದರೆ ಕಿರಣ ತಡೆದದ್ದೇ ಅದಕ್ಕೆ ಗೊತ್ತಾಗದು. ಇವಕ್ಕೆ ಪರಿಹಾರವಾಗಿ ಪುಟ್ಟ ರೇಡಾರ್ ಬಿಲ್ಲೆಗಳು ಕೆಲವು ನೂರು ರೂಪಾಯಿಗೇ ದೊರೆಯುತ್ತವೆ. ಡಾಪ್ಲರ್ ಎಂಬ ವಿದ್ವಾಂಸನು ೧೮೪೨ರಲ್ಲಿ ತಿಳಿಸಿದ ತತ್ತ್ವವೇ ಇವುಗಳ ಆಧಾರ. ಹತ್ತಿರ ಬರುತ್ತಿರುವ ವಾಹನಕ್ಕೆ ತಗುಲಿ ಹಿಂದಿರುಗುವ ಅಲೆಯ ಆವೃತ್ತಿ ಹೆಚ್ಚುತ್ತದೆ. ಹೆಚ್ಚಿದಷ್ಟೂ ವೇಗ ಹೆಚ್ಚು. ಇದನ್ನು ಓರೆಯಾಗಿ ನಿಲ್ಲಿಸಿದರೆ ಇದ್ದುದಕ್ಕಿಂತ ಕಡಿಮೆ ವೇಗವನ್ನು ತೋರಿಸುತ್ತದೆಂಬುದನ್ನು ನೆನಪಿಡಬೇಕು. ರಸ್ತೆಬದಿಯ ವೇಗದ ಕ್ಯಾಮರಾಕ್ಕೆ ಹೆಸರಾದ ಹಾಲೆಂಡಿನ ಗ್ಯಾಟ್ಸೊನಿಡೆಸ್ ಸ್ವತಃ ೧೯೫೩ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಗೆದ್ದ ಮೋಟಾರು ಪಟು. ತಿರುವುಗಳಲ್ಲಿ ತನ್ನ ವೇಗವನ್ನು ತಿದ್ದಿಕೊಳ್ಳುವುದಕ್ಕೆಂದೇ ಆತ ಮೊದಲು ಅಳೆಯಹೊರಟವನು. ಅಳತೆಯು ವೇಗದ ಶತ್ರುವಲ್ಲ, ಅವಿವೇಕದ ಶತ್ರು.

ಇಲ್ಲಿ ಕಾನೂನಿನ ಮಾತನ್ನೂ ಹೇಳಬೇಕು. ೧೯೮೮ರ ಮೋಟಾರು ವಾಹನಗಳ ಕಾಯಿದೆಗೆ ೨೦೧೯ರಲ್ಲಿ ಆದ ತಿದ್ದುಪಡಿಯಿಂದ ವಿದ್ಯುನ್ಮಾನ ಸಾಧನಗಳ ಮೂಲಕ ರಸ್ತೆಗಳನ್ನು ಕಾಯಲು ಅವಕಾಶವಾಯಿತು. ೨೦೨೧ರ ನಿಯಮಗಳ ಪ್ರಕಾರ ಅಂಥ ಸಾಧನಕ್ಕೆ ಸರ್ಕಾರದ ಮಾನ್ಯತೆಯ ಪತ್ರವಿರಬೇಕು. ಇಲ್ಲಿ ವೇಗವನ್ನು ಗಮನಿಸಲಾಗುತ್ತಿದೆ ಎಂಬ ಎಚ್ಚರಿಕೆಯ ಫಲಕವೂ ಇರಬೇಕು. ಆದ್ದರಿಂದ ನಾವು ಮನೆಯಲ್ಲಿ ಕಟ್ಟಿದ ಯಂತ್ರದಿಂದ ಯಾರಿಗೂ ದಂಡ ಹಾಕುವಂತಿಲ್ಲ, ಹಾಕಲೂಬಾರದು. ತಕ್ಕಡಿಗೆ ಮುದ್ರೆ ಬೇಕೆಂದು ಕೇಳುವ ನಾವು ವೇಗದ ತಕ್ಕಡಿಗೆ ಬೇಡವೆನ್ನಬಹುದೆ?

ದಂಡಕ್ಕೆ ಒದಗದ ಯಂತ್ರದಿಂದ ಪ್ರಯೋಜನವೇನೆಂದು ಕೇಳಬಹುದು. ಪ್ರಯೋಜನ ಎರಡು. ಮೊದಲನೆಯದು, ತಿಳಿಸುವುದು. ಊರಿನ ಮುಂದೆ ದೊಡ್ಡ ಅಂಕಿಗಳಲ್ಲಿ "ನಿಮ್ಮ ವೇಗ ೮೪" ಎಂದು ಬೆಳಗಿದರೆ, ಮರೆತು ಓಡಿಸುತ್ತಿದ್ದವನು ಕಾಲು ಸಡಿಲಿಸುತ್ತಾನೆ. ಬೇಕೆಂದೇ ಓಡಿಸುವವನಿಗೆ ಪೊಲೀಸರೇ ಮದ್ದು. ೨೦೨೩ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಸಾವುಗಳು ಹೆಚ್ಚಿದಾಗ ಪೊಲೀಸರು ವೇಗ ಅಳೆಯುವ ಯಂತ್ರಗಳನ್ನು ಹಿಡಿದು ನಿಂತರು, ಬಳಿಕ ಕ್ಯಾಮರಾಗಳೂ ಬಂದವು. ಆದರೆ ಅಂಥ ಬೆಲೆಯುಳ್ಳ ಕ್ಯಾಮರಾ ಪ್ರತಿ ಹಳ್ಳಿಯ ಮುಂದೆಯೂ ನಿಂತೀತೆಂದು ಕಾಯುತ್ತ ಕುಳಿತರೆ ನಮ್ಮ ದೊಡ್ಡಪ್ಪಂದಿರು ಎಷ್ಟು ಮಂದಿ ಉಳಿದಾರು?

ಎರಡನೆಯದು, ತಿಳಿಯುವುದು. ಯಾವ ಹೊತ್ತಿನಲ್ಲಿ, ಎಷ್ಟು ವಾಹನಗಳು, ಎಷ್ಟು ವೇಗದಲ್ಲಿ ಊರನ್ನು ಹಾಯುತ್ತವೆ ಎಂಬ ಒಂದು ವಾರದ ಪಟ್ಟಿ ಸಿದ್ಧವಾದರೆ ಅದು ಊರಿನ ಸಾಕ್ಷಿ. ಇಂದು ಅಪಘಾತವಾದ ಮರುದಿನ ಜನ ರಸ್ತೆ ತಡೆಯುತ್ತಾರೆ, ರಾತ್ರೋರಾತ್ರಿ ಮಣ್ಣು ಕಲ್ಲು ಸುರಿದು ಹಂಪ್ ಹಾಕುತ್ತಾರೆ. ಬಣ್ಣವಿಲ್ಲದ ಆ ಹಂಪಿನ ಮೇಲೆ ಕತ್ತಲಲ್ಲಿ ಮುಗ್ಗರಿಸುವವನು ಕಾರಿನವನಲ್ಲ, ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಬರುವ ಬೈಕಿನ ಬಡವ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಈ ಪದ್ಧತಿಗಿಂತ, ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಮುಂದೆ ಅಂಕಿಗಳ ಪಟ್ಟಿಯನ್ನಿಟ್ಟು, "ಇಂಥ ಕಡೆ ಕೆಳಸೇತುವೆ ಬೇಕು, ಇಂಥ ಹೊತ್ತಿನಲ್ಲಿ ಕಾವಲು ಬೇಕು" ಎಂದು ಕೇಳುವುದು ಮೇಲಲ್ಲವೆ? ಅರ್ಜಿಯಲ್ಲಿ ಕಣ್ಣೀರಿದ್ದರೆ ಕನಿಕರ ಸಿಕ್ಕೀತು. ಅಂಕಿಯಿದ್ದರೆ ಉತ್ತರ ಕೊಡಲೇಬೇಕಾಗುತ್ತದೆ.

ಮಳೆಗೆ ತಡೆಯುವ ಪೆಟ್ಟಿಗೆ, ಸೌರಫಲಕ, ದೂರಕ್ಕೆ ಕಾಣುವ ಅಂಕಿಗಳು ಸೇರಿದರೆ ಖರ್ಚು ಎರಡು ಸಾವಿರದಲ್ಲಿ ನಿಲ್ಲದೆಂಬುದು ನಿಜ. ಆದರೆ ಪ್ರತಿ ಊರಿಗೂ ಒಂದೊಂದು ಯಂತ್ರ ಬೇಕಾಗಿಲ್ಲ. ತುಮಕೂರಿನಲ್ಲಿ ಕಾಲೇಜುಗಳಿಗೆ ಕೊರತೆಯಿಲ್ಲ. ವಿಜ್ಞಾನದ ಮತ್ತು ಪಾಲಿಟೆಕ್ನಿಕ್ಕಿನ ವಿದ್ಯಾರ್ಥಿಗಳು ಎರಡು ಮೂರು ಯಂತ್ರಗಳನ್ನು ಕಟ್ಟಲಿ. ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ತಂಡ ಅವನ್ನು ಒಂದೊಂದು ವಾರ ಒಂದೊಂದು ಪಂಚಾಯಿತಿಗೆ, ಪೊಲೀಸರಿಗೂ ಹೆದ್ದಾರಿಯವರಿಗೂ ತಿಳಿಸಿ, ಕೊಂಡೊಯ್ಯಲಿ. ವಾಹನದ ನಂಬರನ್ನು ಬರೆಯುವುದು ಬೇಡ, ವೇಗವನ್ನಷ್ಟೇ ಬರೆಯೋಣ. ಅಂಕಿಗಳನ್ನು ಜೋಡಿಸಿ, ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ವರದಿ ಬರೆಯುವ ಕೆಲಸ ಕಲಾ ವಿದ್ಯಾರ್ಥಿಗಳಾದ ನಮ್ಮದಾಗಲಿ.

ತೆಂಗಿನಕಾಯಿ ಸುಲಿಯುವ ಕೂಲಿಯಿಂದ ನನ್ನನ್ನು ಕಾಲೇಜಿಗೆ ಕಳಿಸಿದ ನಮ್ಮಪ್ಪ ಒಮ್ಮೆ, "ಓದಿ ಏನು ಮಾಡ್ತೀಯಪ್ಪ?" ಎಂದು ಕೇಳಿದ್ದರು. ಆಗ ಉತ್ತರ ಹೊಳೆದಿರಲಿಲ್ಲ. ದೊಡ್ಡಪ್ಪ ಈಗ ಕೋಲೂರಿಕೊಂಡು ರಸ್ತೆಯ ಅಂಚಿಗೆ ಬಂದು ನಿಲ್ಲುತ್ತಾರೆ. ಯಾರಾದರೂ ಕೈ ಹಿಡಿದು ದಾಟಿಸುತ್ತಾರೆ. ಅವರು ನಿಲ್ಲುವ ಆ ಜಾಗದಲ್ಲಿಯೇ ಮೊದಲನೆಯ ಯಂತ್ರವನ್ನು ನಿಲ್ಲಿಸಬೇಕೆಂದು ನನಗೆ ಆಸೆಯಿದೆ. ಈ ಕೆಲಸಕ್ಕೆ ಕೈಜೋಡಿಸುವ ಸಹಪಾಠಿಗಳು ಮುಂದೆ ಬರಬೇಕೆಂದೂ, ಅಧ್ಯಾಪಕರು ದಾರಿ ತೋರಬೇಕೆಂದೂ ಕೋರುತ್ತೇನೆ.

— ಅಂತಿಮ ಬಿ.ಎ. ವಿದ್ಯಾರ್ಥಿ